ಮುಳ್ಳು ತೋರಿಸುವ ವೇಗ ಯಾವ ಕ್ಷಣದ್ದು?

ಮಾರುಕಟ್ಟೆಗೆ ತರಕಾರಿ ಇಳಿಸಿ ಖಾಲಿಯಾಗಿ ಮರಳುವ ಪಿಕಪ್ ಗಾಡಿಯ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದರೆ, ಚಾಲಕನ ಬೆನ್ನು ಮೊದಲು ಸೀಟಿಗೆ ಅಂಟಿಕೊಳ್ಳುತ್ತದೆ. ಎದುರಿನ ಫಲಕದಲ್ಲಿ ವೇಗದ ಅಂಕಿ ಆಮೇಲೆ ಏರುತ್ತದೆ. ಬ್ರೇಕ್ ಹಾಕಿದಾಗಲೂ ಅಷ್ಟೇ. ಗಾಡಿ ನಿಧಾನವಾದದ್ದು ಮೈಗೆ ತಿಳಿದ ಮೇಲೆ ಅಂಕಿ ಇಳಿಯುತ್ತದೆ. ಕಂಪ್ಯೂಟರ್ ಇರುವ ಹೊಸ ಗಾಡಿಯಲ್ಲಿ ಈ ತಡ ಏಕೆ?

ತಡ ಹೊಸದೇನಲ್ಲ. ಜರ್ಮನಿಯ ಓಟೋ ಶುಲ್ಟ್ಜೆ 1902ರಲ್ಲಿ ಪೇಟೆಂಟ್ ಮಾಡಿಸಿದ ವೇಗಮಾಪಕದ ತತ್ತ್ವವೇ ಆ ಶತಮಾನದ ಬಹುಭಾಗ ವಾಹನಗಳಲ್ಲಿ ಬಳಕೆಯಲ್ಲಿತ್ತು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅದಕ್ಕೆ ತಾಗದಂತೆ ಇದ್ದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನು ಎಳೆಯುತ್ತಿತ್ತು, ಸ್ಪ್ರಿಂಗ್ ತಡೆಯುತ್ತಿತ್ತು. ಎಳೆತ, ತಡೆ ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತಿತ್ತು. ಬಟ್ಟಲಿಗೂ ಮುಳ್ಳಿಗೂ ತೂಕವಿರುವುದರಿಂದ ಅಲ್ಲಿಯೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.

ಈಗಿನ ಗಾಡಿಗಳಲ್ಲಿ ಕೇಬಲ್ ಇಲ್ಲ. ಚಕ್ರದ ಬಳಿ ಅಥವಾ ಗೇರ್‌ಬಾಕ್ಸಿನಲ್ಲಿ ತಿರುಗುವ ಉಂಗುರವಿದ್ದು, ಅದರ ಪ್ರತಿ ಹಲ್ಲು ಸೆನ್ಸರಿನ ಮುಂದೆ ಹಾದಾಗ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಈ ಮಾಹಿತಿ ತಂತಿಯ ಮೂಲಕ ಫಲಕ ಸೇರಲು ಕೆಲವು ಮಿಲಿಸೆಕೆಂಡು ಸಾಕು. ಹಾಗಾಗಿ ತಂತಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ತಡ ಹುಟ್ಟುವುದು ಲೆಕ್ಕದಲ್ಲಿ.

ಒಂದು ಉದಾಹರಣೆ. ಚಕ್ರದ ಸುತ್ತಳತೆ 2.4 ಮೀಟರ್, ಉಂಗುರದ ಹಲ್ಲು 48 ಎಂದುಕೊಂಡರೆ, ಪ್ರತಿ 5 ಸೆಂಟಿಮೀಟರಿಗೆ ಒಂದು ಮಿಡಿತ. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್; ಅಂದರೆ ಸೆಕೆಂಡಿಗೆ 400 ಮಿಡಿತ. ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಎಣಿಸಿದರೆ ಸಿಗುವುದು 40. ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆಯಾದರೆ ಅಂಕಿ 1.8 ಕಿ.ಮೀ. ಜಿಗಿಯುತ್ತದೆ. ಅರ್ಧ ಸೆಕೆಂಡು ಎಣಿಸಿದರೆ 200 ಮಿಡಿತ ಸಿಕ್ಕಿ, ಅದೇ ತಪ್ಪು 0.36 ಕಿ.ಮೀ.ಗೆ ಇಳಿಯುತ್ತದೆ. ಆದರೆ ಆಗ ಬರುವ ಉತ್ತರ ಕಳೆದ ಅರ್ಧ ಸೆಕೆಂಡಿನ ಸರಾಸರಿ. ಮಿಡಿತಗಳ ನಡುವಿನ ಕಾಲವನ್ನು ಅಳೆಯುವ ಜಾಣ ವಿಧಾನವಿದ್ದರೂ, ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರದ ವೇಗವೇ ಕುಣಿಯುವುದರಿಂದ ಸರಾಸರಿ ತಪ್ಪುವುದಿಲ್ಲ. ಒಂದೇ ಸಮನೆ ಮಿನುಗುವ ಅಂಕಿಯನ್ನು ಓದುವುದಾದರೂ ಹೇಗೆ? ಸ್ಥಿರತೆಗೆ ತೆತ್ತ ಬೆಲೆಯೇ ಈ ತಡ.

ಇದರಿಂದ ಅಪಾಯವುಂಟೇ? ಎಬಿಎಸ್ ಬ್ರೇಕಿನ ಕಂಪ್ಯೂಟರ್ ಫಲಕವನ್ನು ನೋಡಿ ಕೆಲಸ ಮಾಡುವುದಿಲ್ಲ. ಚಕ್ರದ ಮಿಡಿತಗಳನ್ನು ನೇರವಾಗಿ ಪಡೆಯುತ್ತದೆ. ತಡದ ಮಾಹಿತಿ ಸಿಗುವುದು ಮನುಷ್ಯನಿಗೆ ಮಾತ್ರ. ಬ್ರೇಕ್ ಹಾಕುವಾಗ ಫಲಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಅದರಿಂದ ಕೇಡಿಲ್ಲ. ಆದರೆ ಮುಂದಿನ ಲಾರಿಯನ್ನು ಹಿಂದೆ ಹಾಕಲು ವೇಗ ಹೆಚ್ಚಿಸುವಾಗ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ 8 ಕಿ.ಮೀ. ಏರುತ್ತಿದ್ದು ಫಲಕ ಅರ್ಧ ಸೆಕೆಂಡು ಹಿಂದಿದ್ದರೆ, 4 ಕಿ.ಮೀ. ಕಡಿಮೆ ಕಾಣುತ್ತದೆ. ಎದುರಿಗೆ ತಿರುವಿದ್ದರೆ ಆ ನಾಲ್ಕು ಕಿ.ಮೀ. ಸಣ್ಣದಲ್ಲ.

ತಡ ಬೇರೆ, ತಪ್ಪು ಬೇರೆ. ವೇಗ ಸ್ಥಿರವಾದ ಕೂಡಲೇ ತಡ ಮಾಯವಾಗುತ್ತದೆ, ತಪ್ಪು ಉಳಿಯುತ್ತದೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸಕೂಡದು. ಕಾರು, ಪಿಕಪ್‌ನಂಥ ವಾಹನಗಳಲ್ಲಿ ಹತ್ತನೇ ಒಂದು ಭಾಗ ಮತ್ತು 4 ಕಿ.ಮೀ. ಸೇರಿದಷ್ಟು ಹೆಚ್ಚು ತೋರಿಸಬಹುದು. ಅಂದರೆ ನಿಜವಾದ 80ಕ್ಕೆ 92ರವರೆಗೆ. ಈ ಪರೀಕ್ಷೆ ಸ್ಥಿರ ವೇಗದಲ್ಲಿ ನಡೆಯುವಂಥದು. ಪಿಕಪ್ ಮಾಲೀಕರು ಶೋಕಿಗೆ ದೊಡ್ಡ ಟೈರ್ ಹಾಕಿಸಿದರೆ ಈ ರಕ್ಷಣೆ ಕರಗುತ್ತದೆ. ಸುತ್ತಳತೆ ಶೇಕಡ 5 ಹೆಚ್ಚಾದರೆ, ಮೊದಲು 80 ತೋರಿಸುತ್ತಿದ್ದ ವೇಗದಲ್ಲಿ ಫಲಕ ಸುಮಾರು 76 ಎನ್ನುತ್ತದೆ.

ಮೊಬೈಲ್ ಫೋನಿನ ಜಿಪಿಎಸ್ ಸಹಾಯಕ್ಕೆ ಬರುತ್ತದೆಯೇ? ನೇರ ರಸ್ತೆಯಲ್ಲಿ, ಸ್ಥಿರ ವೇಗದಲ್ಲಿ, ಪಕ್ಕದಲ್ಲಿ ಕುಳಿತವರು ಓದಿ ಹೇಳಿದರೆ ತಪ್ಪನ್ನು ಪತ್ತೆ ಮಾಡಬಹುದು. ತಡವನ್ನು ಅಳೆಯಲು ಅದು ಸಾಲದು. ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಹೊಸ ಅಂಕಿ ಕೊಡುವ ಫೋನು ತಾನೇ ತಡವಾಗಿ ಬರುವ ಸಾಕ್ಷಿ.

ಗಾಡಿ ಸಮವೇಗದಲ್ಲಿರುವಾಗಲೂ ಅಂಕಿ ಕುಣಿಯುತ್ತಿದ್ದರೆ, ಅಥವಾ ಹಲವು ಸೆಕೆಂಡು ಹಿಂದುಳಿದರೆ, ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು. ಸೆನ್ಸರ್ ಅಥವಾ ಅದರ ಕನೆಕ್ಟರ್ ಕೆಟ್ಟಿರಬಹುದು. ಉಳಿದಂತೆ, ಆಕ್ಸಿಲರೇಟರ್ ಮೇಲಿನ ಕಾಲನ್ನು ಒಂದೆರಡು ಸೆಕೆಂಡು ಸ್ಥಿರವಾಗಿಟ್ಟು ಅನಂತರ ಅಂಕಿ ನೋಡಬೇಕು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಫಲಕದತ್ತ ನೆಟ್ಟ ಪ್ರತಿ ಸೆಕೆಂಡಿಗೆ 20 ಮೀಟರ್ ರಸ್ತೆ ನೋಡದೆಯೇ ದಾಟಿಹೋಗಿರುತ್ತದೆ.