ಕ್ವಾರಿ ಹೊಂಡಕ್ಕೆ ಏನು ಸುರಿಯುತ್ತೀರಿ?

ಜಲ್ಲಿ ತೆಗೆದು ಬಿಟ್ಟುಹೋದ ಹೊಂಡ ಕಂಡರೆ ಬೆಂಗಳೂರಿಗೆ ಕಸ ನೆನಪಾಗುತ್ತದೆ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ಆದದ್ದು ಅದೇ. ನಗರದ ಅಂಚಿಗೇ ಇರುವ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಸುತ್ತಿನವರು ಈಗಲೇ ಎಚ್ಚರವಾಗಿರುವುದು ಒಳ್ಳೆಯದು.

ನಮ್ಮದು ಗಟ್ಟಿ ಕಲ್ಲಿನ ಸೀಮೆ. ಇಲ್ಲಿ ಅಂತರ್ಜಲ ಇರುವುದು ಬಂಡೆಯ ಬಿರುಕುಗಳಲ್ಲಿ. ಕ್ವಾರಿಯವರು ಮೇಲಿನ ಮಣ್ಣನ್ನೂ ಅದರಡಿಯ ಸುದ್ದೆಯನ್ನೂ (ಶಿಥಿಲಗೊಂಡ ಕಲ್ಲಿನ ಪದರ) ಕಿತ್ತೆಸೆದಿರುವುದರಿಂದ ಸೋಸುವ ಪದರವೇ ಉಳಿದಿಲ್ಲ. ಸಿಡಿಮದ್ದು ಬಿರುಕುಗಳನ್ನು ಇನ್ನಷ್ಟು ತೆರೆದಿರುತ್ತದೆ. ಅಲ್ಲಿಗೆ ಬಿದ್ದ ಕೊಳಕು ಪಕ್ಕದ ತೋಟದ ಕೊಳವೆಬಾವಿಗೆ ನೇರವಾಗಿಯೇ ಇಳಿಯಬಹುದು. ಹೊಸಕೋಟೆ ತಾಲ್ಲೂಕು ಅಂತರ್ಜಲ ಮಿತಿಮೀರಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇರುವ ಅಷ್ಟಿಷ್ಟು ನೀರನ್ನೂ ಕೆಡಿಸಿಕೊಳ್ಳುವ ಶ್ರೀಮಂತಿಕೆ ನಮಗಿಲ್ಲ.

ಹಾಗೆಂದು ಎಲ್ಲ ಹೊಂಡಕ್ಕೂ ಮಳೆನೀರು ತಿರುಗಿಸಿ ‘ಕೆರೆ’ ಎಂದು ಬೋರ್ಡು ಹಾಕುವುದೂ ಸರಿಯಲ್ಲ. ಬಿರುಕಿಲ್ಲದ ಬಂಡೆಯ ಹೊಂಡ ನೀರು ಹಿಡಿಯುತ್ತದೆ, ಇಂಗಿಸುವುದಿಲ್ಲ. ರಸ್ತೆಯ ಎಣ್ಣೆ, ಕೋಳಿ ಫಾರಂ ಗಲೀಜು ಸೇರಿದ ಹರಿವು ಬಂದರಂತೂ ಮುಗಿಯಿತು. ಅಂಚಿಗೆ ಬೇಲಿ, ನೀರು ಬರುವ ದಾರಿಯಲ್ಲಿ ಹೂಳು ನಿಲ್ಲುವ ಗುಂಡಿ, ತುಂಬುವುದಿದ್ದರೆ ಶುದ್ಧ ಮಣ್ಣು ಮಾತ್ರ, ಇಷ್ಟು ಕನಿಷ್ಠ.

ಗಣಿ ಇಲಾಖೆ ಗುತ್ತಿಗೆದಾರರು ಕೊಟ್ಟ ಕ್ವಾರಿ ಮುಚ್ಚುವ ಯೋಜನೆಗಳನ್ನು ಕಡತದಿಂದ ಹೊರತೆಗೆಯಲಿ. ಸುತ್ತಲಿನ ಕೊಳವೆಬಾವಿಗಳ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷಿಸಿ, ವರದಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಲಿ.