ಜಂತುಹುಳುವಿನ ವಂಶವಾಹಿಯತ್ತ

ಮಣ್ಣಿನ ಮೂಲಕ ಹರಡುವ ಜಂತುಹುಳುಗಳ ಸೋಂಕು ಜಗತ್ತಿನ ಸುಮಾರು 150 ಕೋಟಿ ಜನರಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದರೂ, ಅವುಗಳ ವಂಶವಾಹಿಗಳ ಅಧ್ಯಯನ ಬಹುಕಾಲ ಹಿಂದುಳಿದೇ ಇತ್ತು. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಸಿ. ಎಲೆಗನ್ಸ್ ಎಂಬ ಹುಳುವನ್ನು ಪ್ರಯೋಗಾಲಯದ ತಟ್ಟೆಯಲ್ಲೇ ಸಾಕಬಹುದು. ಪರಾವಲಂಬಿಗಳಿಗಾದರೋ ಆತಿಥೇಯ ಜೀವಿಯ ದೇಹವೇ ಬೇಕು. ಈ ತೊಡಕಿನಿಂದ ಹೊರಬರಲು ದಾರಿ ತೋರಿದ್ದು, ಚರ್ಮವನ್ನು ಕೊರೆದು ಮನುಷ್ಯನ ಒಳಹೊಗುವ ಸ್ಟ್ರಾಂಜಿಲಾಯ್ಡಿಸ್ ಹುಳು. ಅದರ ಒಂದು ಪೀಳಿಗೆ ದೇಹದ ಹೊರಗೆ ಬದುಕುವುದರಿಂದ, ಆ ಹೆಣ್ಣುಹುಳುವಿನ ಅಂಡಾಶಯಕ್ಕೆ ಅತಿಸೂಕ್ಷ್ಮ ಸೂಜಿಯಿಂದ ಡಿಎನ್‌ಎ ಸೇರಿಸಲು ಸಾಧ್ಯವಾಯಿತು. ಗೊತ್ತುಪಡಿಸಿದ ಜಾಗದಲ್ಲಿ ಡಿಎನ್‌ಎಯನ್ನು ಕತ್ತರಿಸುವ ಕ್ರಿಸ್ಪರ್ ತಂತ್ರವೂ 2017ರಲ್ಲಿ ಇದರಲ್ಲಿ ಯಶಸ್ವಿಯಾಯಿತು; ಮರುವರ್ಷ ಟ್ಯಾಕ್ಸ್-4 ಎಂಬ ವಂಶವಾಹಿಯನ್ನು ಕೆಡಿಸಿದಾಗ ಮರಿಹುಳುಗಳು ಬಿಸಿಯತ್ತ ಸಾಗುವ ಶಕ್ತಿಯನ್ನು ಕಳೆದುಕೊಂಡವು. ಹುಳು ಮನುಷ್ಯನನ್ನು ಹುಡುಕುವ ಬಗೆಯನ್ನು ಊಹೆಯಿಂದ ಪುರಾವೆಯ ಮಟ್ಟಕ್ಕೆ ತಂದ ಈ ಫಲಿತಾಂಶ ನಿಜಕ್ಕೂ ಮಹತ್ವದ್ದು. ಕುರಿಗಳನ್ನು ಕಾಡುವ ಹೀಮಾಂಕಸ್ ಹುಳು ಈಗಾಗಲೇ ಹಲವು ಔಷಧಗಳಿಗೆ ಬಗ್ಗದಿರುವಾಗ, ಕರ್ನಾಟಕದ ಶಾಲೆಗಳೂ ಸೇರಿದಂತೆ ಹಲವೆಡೆ ಆಲ್ಬೆಂಡಜೋಲ್ ಮಾತ್ರೆಯನ್ನೇ ನೆಚ್ಚಿರುವ ಸರಕಾರಗಳು ಇಂಥ ಮೂಲಸಂಶೋಧನೆಗೆ ಹಣ ಒದಗಿಸಲೇಬೇಕು; ಏಕೆಂದರೆ ದೇಹದ ಹೊರಗೆ ಸಂತಾನ ಪಡೆಯದ ಕೊಕ್ಕೆಹುಳುವಿನಂಥವುಗಳಿಗೆ ಇದೇ ತಂತ್ರವನ್ನು ಹೊಂದಿಸುವ ಕೆಲಸ ಇನ್ನೂ ಕಠಿಣವಾಗಿಯೇ ಉಳಿದಿದೆ.