ಕತಲ್ ರಾತ್ರಿ ಕತ್ತಲ ರಾತ್ರಿಯಾದದ್ದು

ಕೇಂದ್ರ ಸರ್ಕಾರದ ರಜಾಪಟ್ಟಿಯಲ್ಲಿ ದೀಪಾವಳಿ, ಕ್ರಿಸ್‌ಮಸ್‌ಗಳ ಸಾಲಿನಲ್ಲಿಯೇ ಮೊಹರಮ್ ಕೂಡ ಇದೆ. ಹಿಜರಿ ಪಂಚಾಂಗವು ಶುದ್ಧ ಚಾಂದ್ರಮಾನದ್ದಾದ್ದರಿಂದ ಆ ದಿನವು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಚಂದ್ರದರ್ಶನ ಹೆಚ್ಚುಕಡಿಮೆಯಾದರೆ ರಜೆಯ ದಿನಾಂಕವನ್ನು ತಿದ್ದುವ ಸುತ್ತೋಲೆಯೊಂದು ಹೊರಡುತ್ತದೆ. ಆಕಾಶದ ಚಂದ್ರನಿಗೆ ಸರ್ಕಾರಿ ಕಡತ ಮಣಿಯುವ ಅಪರೂಪದ ಸಂದರ್ಭವಿದು. ಹಿಂದಿನ ಸಂಜೆ ಮೊಬೈಲಿಗೆ ಯಾರೋ ‘ಮೊಹರಂ ಹಬ್ಬದ ಶುಭಾಶಯಗಳು’ ಎಂದು ಕಳುಹಿಸುತ್ತಾರೆ. ಇದು ಹಬ್ಬವಲ್ಲ, ಶೋಕದ ದಿನ, ಶುಭಾಶಯ ಸಲ್ಲದೆಂದು ಇನ್ನೊಬ್ಬರು ಒಡನೆಯೇ ತಿದ್ದುತ್ತಾರೆ. ತಿದ್ದುವವರ ಮಾತು ಸರಿಯೇ. ಆದರೆ ಕನ್ನಡದ ಮಟ್ಟಿಗೆ ಅದು ಅರ್ಧ ಸತ್ಯವೆಂದು ನಾವು ಭಾವಿಸುತ್ತೇವೆ.

ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಮ್ ತಿಂಗಳ ಹತ್ತನೆಯ ದಿನ, ಪೈಗಂಬರರ ಮೊಮ್ಮಗ ಹುಸೇನರು ಯಜೀದನ ಅಧಿಕಾರಕ್ಕೆ ನಿಷ್ಠೆ ಸೂಚಿಸಲೊಲ್ಲದೆ ಕರ್ಬಲಾದ ಬಯಲಿನಲ್ಲಿ ಬಾಯಾರಿದ ಸಣ್ಣದೊಂದು ಪರಿವಾರದೊಡನೆ ಹತರಾದರು. ಶಿಯಾ ಮುಸ್ಲಿಮರಿಗೆ ಅದು ಎದೆ ಬಡಿದುಕೊಂಡು ಅಳುವ ದಿನ. ಸುನ್ನಿಗಳಲ್ಲಿ ಅನೇಕರು ಅಂದು ಉಪವಾಸವಿರುತ್ತಾರೆ. ಮುಂಬಯಿಯಲ್ಲಿ ಇದನ್ನು ಕಾಣಬೇಕಾದರೆ ಡೋಂಗ್ರಿಯ ಕಡೆಗೆ ಹೋಗಬೇಕು. 1860ರಲ್ಲಿ ಕಟ್ಟಿದ, ನೀಲಿ ಹಂಚುಗಳ ಇರಾನಿ ಮಸೀದಿ ಅಲ್ಲಿದೆ. ಕರಿಯುಡುಗೆಯ ಮೆರವಣಿಗೆ ಮಜಗಾಂವಿನ ರೆಹಮತಾಬಾದ್ ಸ್ಮಶಾನದತ್ತ ಸಾಗುತ್ತದೆ. ಕರ್ಬಲಾದ ನೀರಡಿಕೆಯ ನೆನಪಿಗಾಗಿ ದಾರಿಯುದ್ದಕ್ಕೂ ನೀರು, ಶರಬತ್ತು ಹಂಚುತ್ತಾರೆ.

ಇದೇ ಶೋಕವು ಕನ್ನಡನಾಡಿನ ಉತ್ತರದ ಜಿಲ್ಲೆಗಳನ್ನು ಹೊಕ್ಕು ‘ಅಲಾಯಿ ಹಬ್ಬ’ವಾಯಿತು. 16ನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಯೂಸುಫ್ ಆದಿಲ್‌ಶಹನು ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ್ದು ಇದಕ್ಕೊಂದು ಹಿನ್ನೆಲೆ. ಆದರೆ ಅರಸರು ಹೋದ ಮೇಲೂ ಹಬ್ಬ ಉಳಿದದ್ದು ಊರವರಿಂದ. ಚಂದ್ರ ಕಂಡೊಡನೆ ಮಸೂತಿಯ ಮುಂದೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಪಂಜಾಗಳನ್ನು ಪೆಟ್ಟಿಗೆಯಿಂದ ತೆಗೆದು ದೇವರು ಕೂಡಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಹುಡುಗರು ಹುಲಿವೇಷ ಹಾಕುತ್ತಾರೆ, ಹೆಂಗಸರು ಊದು ಹಾಕಿಸಿ ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೋಂಗೆ ಬೇಯುತ್ತದೆ. ಹೆಜ್ಜೆಮೇಳದವರು ಕುಣಿಯ ಸುತ್ತ ಕುಣಿಯುತ್ತ ಹಾಡುವ ರಿವಾಯತ್ ಪದಗಳು ಅಚ್ಚಗನ್ನಡದವು. ಶಿಶುನಾಳ ಶರೀಫರೂ ಅಲಾವಿ ಪದಗಳನ್ನು ಕಟ್ಟಿದವರೇ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮಿಗೆ ಸುತ್ತಣ ಸೀಮೆಯೆಲ್ಲ ನೆರೆಯುತ್ತದೆ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಂತೂ ಒಂದೂ ಮುಸ್ಲಿಂ ಮನೆಯಿಲ್ಲ. ಹಬ್ಬ ಮಾತ್ರ ತಪ್ಪಿಲ್ಲ. ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಹಿಂದೂ ಮನೆಗಳಿಗೆ ಬಂದದ್ದೂ ಈ ದೇವರ ಹರಕೆಯಿಂದಲೇ.

ಕೊನೆಯ ದಿನದ ಹಿಂದಿನ ಇರುಳಿಗೆ ‘ಕತಲ್ ಕೀ ರಾತ್’ ಎಂದು ಹೆಸರು. ಕತಲ್ ಎಂದರೆ ಕೊಲೆ. ನಮ್ಮ ಹಳ್ಳಿಗರ ಬಾಯಲ್ಲಿ ಅದು ‘ಕತ್ತಲ ರಾತ್ರಿ’. ಅರಬ್ಬಿಯ ಕೊಲೆ ಕನ್ನಡದ ಕತ್ತಲಾದದ್ದು ಕಿವಿಯ ತಪ್ಪೆಂದು ಭಾಷಾಶಾಸ್ತ್ರ ಹೇಳಬಹುದು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಇದರ ಜೊತೆಗೆ ಇನ್ನೊಂದು ತಪ್ಪುಶ್ರವಣವೂ ನೆನಪಾಗುತ್ತದೆ. ‘ಯಾ ಹಸನ್, ಯಾ ಹುಸೇನ್’ ಎಂಬ ಆಕ್ರಂದನವನ್ನು ಬ್ರಿಟಿಷ್ ಸಿಪಾಯಿಗಳು ‘ಹಾಬ್ಸನ್-ಜಾಬ್ಸನ್’ ಎಂದು ಕೇಳಿಸಿಕೊಂಡರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ ಪ್ರಸಿದ್ಧ ನಿಘಂಟಿಗೆ ಅದೇ ಹೆಸರನ್ನಿಟ್ಟರು. ಎರಡೂ ಕಡೆ ಪದ ಕೆಟ್ಟಿತು, ನಿಜ. ಒಂದು ಕಡೆ ಅಳು ತಮಾಷೆಯಾಯಿತು. ಇನ್ನೊಂದು ಕಡೆ ಯಾರದೋ ಸಾವಿನ ಇರುಳು ನಮ್ಮೂರ ಕತ್ತಲೆಯೇ ಆಯಿತು. ಇದನ್ನು ಬರಿಯ ಶೋಕದಿನವೆಂದು ತಿದ್ದಲು ಹೊರಟವರಿಗೂ, ಬರಿಯ ಹಬ್ಬವೆಂದು ಶುಭ ಕೋರುವವರಿಗೂ ಈ ಎರಡನೆಯ ಕೇಳ್ಮೆ ದಕ್ಕಿಲ್ಲ.

ನಾವಿರುವ ವಿಲೆ ಪಾರ್ಲೆಯಲ್ಲಿ ಇದನ್ನು ಹೇಳಲು ಕಾರಣವಿದೆ. ಲೋಕಮಾನ್ಯರ ಸ್ಮರಣೆಗೆ 1923ರಲ್ಲಿ ಹುಟ್ಟಿದ ಸೇವಾ ಸಂಘ, ಅದರ ಟಿಳಕ ಮಂದಿರ ಇಲ್ಲಿವೆ. ಗಣೇಶೋತ್ಸವ ಈ ಉಪನಗರದ ಉಸಿರು. 1893ರ ಮುಂಬಯಿ ಗಲಭೆಗೆ ಮುಂಚೆ ಪುಣೆ, ಮುಂಬಯಿಗಳಲ್ಲಿ ಹಿಂದೂಗಳೂ ತಾಬೂತುಗಳ ಮೆರವಣಿಗೆಯಲ್ಲಿ ಬೆರೆಯುತ್ತಿದ್ದರು. 1894ರಲ್ಲಿ ಪುಣೆಯ ಹಿಂದೂಗಳು ಬಹುಮಟ್ಟಿಗೆ ದೂರ ಸರಿದರು. ಸಾರ್ವಜನಿಕ ಗಣೇಶೋತ್ಸವ ಬೆಳೆಯಿತು. ಅದರ ಮೇಳ, ಮೆರವಣಿಗೆಗಳ ರೂಪದಲ್ಲಿ ಮೊಹರಮಿನ ಛಾಯೆಯನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಮಹಾನಗರಗಳು ಕಳಚಿಕೊಂಡದ್ದನ್ನು ಕೃಷ್ಣಾ-ತುಂಗಭದ್ರೆಯರ ನಡುವಣ ಹಳ್ಳಿಗಳು ಇರಿಸಿಕೊಂಡವು.

ಈಗ ಅಲ್ಲಿಯೂ ಹಗ್ಗ ಸವೆಯುತ್ತಿದೆ. ಪಂಜಾ ಕೂಡಿಸುವುದು ಧರ್ಮಬಾಹಿರವೆಂದು ಮುಸ್ಲಿಂ ಸುಧಾರಕರು, ಅದು ನಮ್ಮ ದೇವರಲ್ಲವೆಂದು ಹಿಂದೂ ಸಂಘಟನೆಗಳವರು. ಇಬ್ಬರ ಗ್ರಂಥಾಧಾರಗಳೂ ಗಟ್ಟಿಯಿರಬಹುದು. ಹರಕೆ ಹೊತ್ತ ಮುದುಕಿಗೆ ಅವು ಬೇಕಿಲ್ಲ. ಇದನ್ನು ಭಾವೈಕ್ಯದ ಪ್ರದರ್ಶನಕ್ಕೆ ಇಟ್ಟು ಭಾಷಣ ಮಾಡುವವರ ಬಗೆಗೂ ನಮಗೆ ಅಷ್ಟೇ ಸಂಕೋಚ. ಕುಣಿಯ ಸುತ್ತ ಹೆಜ್ಜೆ ಹಾಕುವವನು ಐಕ್ಯಕ್ಕಾಗಿ ಕುಣಿಯುವುದಿಲ್ಲ, ಮಗುವಿನ ಜ್ವರ ಬಿಟ್ಟದ್ದಕ್ಕೆ ಕುಣಿಯುತ್ತಾನೆ.

ಪಾರ್ಲೆಯಲ್ಲಿ ಹಳೆಯ ಮನೆಗಳನ್ನು ಕೆಡವಿ ಗೋಪುರಗಳನ್ನು ಕಟ್ಟುವ ಕೂಲಿಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಇದ್ದಾರೆ. ದೀಪಾವಳಿಗೆ ಹೋಗದವರೂ ಅಲಾಯಿಗೆ ಊರು ಸೇರುತ್ತಾರೆ. ಅವರ ಕನ್ನಡ, ನಮ್ಮ ಸಂಘ-ಸಂಸ್ಥೆಗಳ ಕನ್ನಡ ಒಂದೇ ರೈಲುನಿಲ್ದಾಣದಲ್ಲಿ ಇಳಿದರೂ ಒಂದೇ ಸಭಾಂಗಣದಲ್ಲಿ ಕೂತದ್ದನ್ನು ನಾವು ಕಂಡಿಲ್ಲ. ಯಕ್ಷಗಾನಕ್ಕೆ, ದಾಸರ ಪದಕ್ಕೆ, ವಚನಕ್ಕೆ ವೇದಿಕೆಯಿದೆ; ರಿವಾಯತಿಗಿಲ್ಲ. ಈ ಸಲ ಅವರನ್ನು ಹಾಡಲು ಕರೆಯೋಣವೆಂಬುದು ನಮ್ಮ ಸೂಚನೆ. ಹಬ್ಬದ ದಿನಗಳಲ್ಲಿ ಅವರು ಇಲ್ಲಿರುವುದಿಲ್ಲ, ಗದಗಿನ ಗಾಡಿ ಹತ್ತಿರುತ್ತಾರೆ. ಮರಳಿದ ಮೇಲಿನ ಭಾನುವಾರವಾದರೂ ಆದೀತು. ಭಾನುವಾರವೂ ಕೆಲಸವಿರುವುದರಿಂದ ರಾತ್ರಿ ಎಂಟರ ಮೇಲೆ ಇಟ್ಟುಕೊಳ್ಳಬೇಕು.